ವಿಡಿಯೊ ವಿಚಾರಣೆಯಲ್ಲಿ ಕಡಿದು ಬರುವ ಮಾತು: ದೋಷ ಎಲ್ಲಿದೆ, ಹುಡುಕುವುದು ಹೇಗೆ?

ಕೇಂದ್ರೀಯ ಪರೋಕ್ಷ ತೆರಿಗೆ ಮತ್ತು ಸೀಮಾಸುಂಕ ಮಂಡಳಿಯು 2020ರ ಆಗಸ್ಟ್ 21ರಂದು ಹೊರಡಿಸಿದ ಸೂಚನೆಯ ಮೂಲಕ, ತನ್ನ ಅಧಿಕಾರಿಗಳು ನಡೆಸುವ ವೈಯಕ್ತಿಕ ವಿಚಾರಣೆಗಳನ್ನು ವಿಡಿಯೊ ಕಾನ್ಫರೆನ್ಸ್ ಮೂಲಕವೇ ನಡೆಸುವುದನ್ನು ಕಡ್ಡಾಯಗೊಳಿಸಿತು. ಕೋವಿಡ್ ಕಾಲಕ್ಕೆಂದು ಬಂದ ಈ ಪದ್ಧತಿ ಕೋವಿಡ್ ಮುಗಿದ ಮೇಲೂ ಉಳಿಯಿತು. 2024ರ ನವೆಂಬರ್‌ನಲ್ಲಿ ಮಂಡಳಿಯು ಅದನ್ನೇ ಪುನರುಚ್ಚರಿಸಿ, ಖುದ್ದು ಹಾಜರಾಗಬಯಸುವವರು ಅದಕ್ಕಾಗಿ ಪ್ರತ್ಯೇಕವಾಗಿ ಕೋರಬೇಕೆಂದು ತಿಳಿಸಿತು. ಆದಾಯ ತೆರಿಗೆಯಲ್ಲಿಯೂ, 2020ರ ಆಗಸ್ಟ್ 13ರಂದು ಚಾಲನೆ ದೊರೆತ ಮುಖಾಮುಖಿರಹಿತ ಕರನಿರ್ಧಾರ ವ್ಯವಸ್ಥೆಯಡಿ ವಿಚಾರಣೆ ಕೋರಿದವರಿಗೆ ವಿಡಿಯೊ ಮೂಲಕವೇ ಅವಕಾಶ ದೊರೆಯುತ್ತದೆ. ದೊಡ್ಡಬಳ್ಳಾಪುರದ ಮಗ್ಗದ ಮಾಲೀಕರು, ಹೊಸಕೋಟೆಯ ಬಿಡಿಭಾಗ ತಯಾರಕರು, ನೆಲಮಂಗಲದ ಸಗಟು ವರ್ತಕರು ಒಂದು ಶೋಕಾಸ್ ನೋಟೀಸಿಗೆ ಉತ್ತರ ಹೇಳಲು ದಿನದ ಕೆಲಸ ಬಿಟ್ಟು ಬೆಂಗಳೂರಿನ ಕಚೇರಿಯ ಮೊಗಸಾಲೆಯಲ್ಲಿ ಕಾಯಬೇಕಾಗಿದ್ದ ಸ್ಥಿತಿ ಇದರಿಂದ ಬಹುಮಟ್ಟಿಗೆ ತಪ್ಪಿದೆ.

ಆದರೆ ಈ ಅನುಕೂಲದ ಜೊತೆಗೇ ಒಂದು ಹೊಸ ತೊಂದರೆಯೂ ಬಂದಿದೆ. ವಿಚಾರಣೆಯ ನಡುವೆ ಚಿತ್ರ ನಿಂತುಬಿಡುತ್ತದೆ. ಮಾತು ತುಂಡುತುಂಡಾಗಿ ಕೇಳಿಸುತ್ತದೆ. ಇಬ್ಬರೂ ಒಮ್ಮೆಗೇ ಮಾತನಾಡಿ, ಒಮ್ಮೆಗೇ ಸುಮ್ಮನಾಗುತ್ತಾರೆ. ಕನ್ನಡದಲ್ಲಿ ಹೌದು-ಅಲ್ಲಗಳು ವಾಕ್ಯದ ತುದಿಯಲ್ಲಿ ಬರುವುದರಿಂದ ಈ ಅಪಾಯ ಇನ್ನೂ ಹೆಚ್ಚು. "ಆ ತಿಂಗಳ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಿದ್ದೇವೆ" ಎಂಬುದಕ್ಕೂ "ಹಿಂದಿರುಗಿಸಿಲ್ಲ" ಎಂಬುದಕ್ಕೂ ಇರುವ ವ್ಯತ್ಯಾಸ ಕೊನೆಯ ಎರಡು ಮೂರು ಅಕ್ಷರಗಳಷ್ಟೇ. ಅವು ದಾರಿಯಲ್ಲಿ ಕಳೆದುಹೋದರೆ ಕೇಳಿಸಿಕೊಂಡವರು ಏನೆಂದು ಬರೆದುಕೊಳ್ಳುವರೋ ಹೇಳಲಾಗದು.

ಇಂತಹ ಅನುಭವವಾದ ಕೂಡಲೇ ಹೆಚ್ಚಿನ ಉದ್ದಿಮೆದಾರರು ಮಾಡುವ ಮೊದಲ ಕೆಲಸವೆಂದರೆ 50 ಎಂಬಿಪಿಎಸ್ ಪ್ಲಾನ್ ಬಿಟ್ಟು 200 ಎಂಬಿಪಿಎಸ್ ಪ್ಲಾನ್ ಪಡೆಯುವುದು. ತಿಂಗಳ ಖರ್ಚು ಏರುತ್ತದೆ, ಮಾತು ಮಾತ್ರ ಮೊದಲಿನಂತೆಯೇ ಕಡಿಯುತ್ತದೆ. ಪ್ಲಾನ್ ಮಾರುವವರಿಗೆ ಹಿತವಾದ ಮಾತಲ್ಲವಾದರೂ, ಬಹುಪಾಲು ಸಂದರ್ಭಗಳಲ್ಲಿ ದೋಷವಿರುವುದು ಕಂಪನಿಯ ತಂತಿಯಲ್ಲಲ್ಲ, ಗ್ರಾಹಕರ ಆವರಣದೊಳಗಿನ ಕೊನೆಯ ಕೆಲವು ಮೀಟರುಗಳಲ್ಲಿ. ಅದನ್ನು ಹುಡುಕಲು ತಂತ್ರಜ್ಞರೇ ಬೇಕೆಂದಿಲ್ಲ.

ವೇಗ ಬೇರೆ, ವಿಳಂಬ ಬೇರೆ

ಎಂಬಿಪಿಎಸ್ ಎಂಬುದು ರಸ್ತೆಯ ಅಗಲವಿದ್ದಂತೆ. ಎಷ್ಟು ಲಾರಿಗಳು ಒಟ್ಟಿಗೆ ಸಾಗಬಹುದು ಎಂಬುದನ್ನು ಅದು ತಿಳಿಸುತ್ತದೆ. ಒಂದು ಲಾರಿ ಎಷ್ಟು ಹೊತ್ತಿಗೆ ತಲುಪೀತು ಎಂಬುದನ್ನು ತಿಳಿಸುವುದಿಲ್ಲ. ಕಡತವೊಂದನ್ನು ಇಳಿಸಿಕೊಳ್ಳುವಾಗ ನಡುವಿನ ಒಂದು ತುಣುಕು ಕಳೆದುಹೋದರೆ ಗಣಕಯಂತ್ರವು ಅದನ್ನು ಮತ್ತೊಮ್ಮೆ ಕೇಳಿ ಪಡೆಯುತ್ತದೆ. ಎರಡು ಸೆಕೆಂಡು ತಡವಾದರೂ ನಷ್ಟವಿಲ್ಲ. ಮಾತಿನ ವಿಷಯ ಹಾಗಲ್ಲ. ಧ್ವನಿಯನ್ನು ಸಾಮಾನ್ಯವಾಗಿ ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ತುಣುಕುಗಳಾಗಿ ಕತ್ತರಿಸಿ ಕಳುಹಿಸಲಾಗುತ್ತದೆ. ಸರದಿ ತಪ್ಪಿ ತಡವಾಗಿ ಬಂದ ತುಣುಕಿಗೆ ಬೆಲೆಯಿಲ್ಲ. ಹಬ್ಬ ಮುಗಿದ ಮೇಲೆ ಬಂದ ಸೀರೆಯ ಲೋಡಿನಂತೆ ಅದು ಬಂದೂ ಬಾರದಂತೆಯೇ. ಆದುದರಿಂದಲೇ ವೇಗದ ಪರೀಕ್ಷೆಯಲ್ಲಿ ದೊಡ್ಡ ಅಂಕಿ ತೋರಿಸುವ ಸಂಪರ್ಕದಲ್ಲಿಯೂ ಕರೆ ಕೆಡಬಹುದು.

ಹಾಗಾದರೆ ಎಷ್ಟು ವೇಗ ಬೇಕು? ಝೂಮ್ ಸಂಸ್ಥೆಯೇ ತಿಳಿಸುವಂತೆ ಇಬ್ಬರ ನಡುವಣ ಸ್ಪಷ್ಟ ಎಚ್‌ಡಿ ಚಿತ್ರಕ್ಕೆ ಎರಡೂ ದಿಕ್ಕಿನಲ್ಲಿ ಸುಮಾರು 1.2 ಎಂಬಿಪಿಎಸ್ ಸಾಕು. ಬರಿಯ ಧ್ವನಿಗೆ 60ರಿಂದ 80 ಕೆಬಿಪಿಎಸ್. ದೇಶದ ಬ್ರಾಡ್‌ಬ್ಯಾಂಡ್ ನೀತಿಯು 2004ರಲ್ಲಿ 256 ಕೆಬಿಪಿಎಸ್ ಇದ್ದರೆ ಬ್ರಾಡ್‌ಬ್ಯಾಂಡ್ ಎಂದಿತ್ತು; 2023ರಲ್ಲಿ ಆ ಕನಿಷ್ಠ ಮಿತಿಯನ್ನು 2 ಎಂಬಿಪಿಎಸ್‌ಗೆ ಏರಿಸಲಾಯಿತು. ಅಂದರೆ ಇಂದಿನ ಅತಿ ಅಗ್ಗದ ಫೈಬರ್ ಪ್ಲಾನ್ ಕೂಡ ಒಂದು ವಿಚಾರಣೆಗೆ ಬೇಕಾದುದಕ್ಕಿಂತ ಹಲವು ಪಟ್ಟು ಅಗಲವಾಗಿಯೇ ಇದೆ.

ಕರೆಯ ಗುಣಮಟ್ಟವನ್ನು ನಿರ್ಧರಿಸುವ ಅಂಶಗಳು ಬೇರೆ ಮೂರು: ತುಣುಕು ತಲುಪಲು ಹಿಡಿಯುವ ಕಾಲ, ಆ ಕಾಲದಲ್ಲಿನ ಏರುಪೇರು, ಮತ್ತು ದಾರಿಯಲ್ಲಿ ಕಳೆದುಹೋಗುವ ತುಣುಕುಗಳ ಪ್ರಮಾಣ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಂತೆ ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಸಂಭಾಷಣೆಗೆ ತೊಡಕಿಲ್ಲ. ಏರುಪೇರು 40 ಮಿಲಿಸೆಕೆಂಡನ್ನೂ ನಷ್ಟ ಶೇಕಡಾ 2ನ್ನೂ ಮೀರಬಾರದೆಂಬುದು ಝೂಮ್‌ನ ಸಲಹೆ.

ದೂರವೇ ಕಾರಣವೆಂದು ಭಾವಿಸುವವರೂ ಇದ್ದಾರೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಚಲಿಸುತ್ತದೆ. ದೊಡ್ಡಬಳ್ಳಾಪುರದಿಂದ ದೆಹಲಿಗೆ ಕೇಬಲ್ ದಾರಿ 2,500 ಕಿ.ಮೀ. ಎಂದಿಟ್ಟುಕೊಂಡರೂ ತಗಲುವುದು 12-13 ಮಿಲಿಸೆಕೆಂಡು. ಉಳಿದ ವಿಳಂಬವೆಲ್ಲ ನಡುವಿನ ಸರದಿ ಸಾಲುಗಳಲ್ಲಿ ಹುಟ್ಟಿಕೊಳ್ಳುವುದು.

ಅಳೆದು ನೋಡುವ ಬಗೆ

ಲೆಕ್ಕದ ಪುಸ್ತಕದಲ್ಲಿ ವ್ಯತ್ಯಾಸ ಕಂಡಾಗ ಅನುಭವಿ ಗುಮಾಸ್ತರು ಎಲ್ಲ ಪುಟಗಳನ್ನೂ ಒಮ್ಮೆಗೇ ತಿರುವುವುದಿಲ್ಲ. ಅರ್ಧಕ್ಕೆ ನಿಲ್ಲಿಸಿ, ಅಲ್ಲಿಯವರೆಗೆ ತಾಳೆಯಾಗುತ್ತದೆಯೇ ಎಂದು ನೋಡುತ್ತಾರೆ. ಇಲ್ಲಿಯೂ ಅದೇ ಕ್ರಮ. ಅರ್ಧದಾರಿ ಎಂದರೆ ರೌಟರ್.

ವಿಂಡೋಸ್ ಗಣಕಯಂತ್ರದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಪಿಂಗ್ ಎಂಬ ಆದೇಶವನ್ನು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ರೌಟರಿನ ವಿಳಾಸ ನೀಡಬೇಕು. ಅದು ಸಾಮಾನ್ಯವಾಗಿ 192.168.1.1 ಎಂಬಂತಿದ್ದು, ರೌಟರಿನ ಅಡಿಯ ಚೀಟಿಯಲ್ಲಿ ಮುದ್ರಿತವಾಗಿರುತ್ತದೆ. ಕೊನೆಯಲ್ಲಿ ಜಾಗ ಬಿಟ್ಟು ಅಡ್ಡಗೆರೆ ಮತ್ತು 'ಟಿ' ಅಕ್ಷರವನ್ನು ಸೇರಿಸಿದರೆ ಅಳತೆ ನಿಲ್ಲದೆ ನಡೆಯುತ್ತದೆ. ಕಂಟ್ರೋಲ್ ಮತ್ತು 'ಸಿ' ಗುಂಡಿಗಳನ್ನು ಒಟ್ಟಿಗೆ ಒತ್ತಿದಾಗ ನಿಲ್ಲುತ್ತದೆ. ಎರಡು ಮೂರು ನಿಮಿಷ ಓಡಲು ಬಿಡಬೇಕು. ಬಳಿಕ ಅದೇ ಆದೇಶವನ್ನು 8.8.8.8 ಎಂಬ ಹೊರಗಿನ ವಿಳಾಸಕ್ಕೆ ನೀಡಬೇಕು.

ರೌಟರಿಗೆ ಹೋಗಿಬರುವ ಕಾಲ ತಂತಿ ಸಂಪರ್ಕದಲ್ಲಿ ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿಯೂ, ಒಳ್ಳೆಯ ವೈ-ಫೈನಲ್ಲಿ ಒಂದಂಕಿಯಲ್ಲಿಯೂ ಇರತಕ್ಕದ್ದು. ಅದೇ ನೂರು, ಮುನ್ನೂರು ಎಂದು ಜಿಗಿಯುತ್ತಿದ್ದರೆ ದೋಷ ಒಳಗಿದೆ. ಕಂಪನಿಗೆ ದೂರು ಕೊಡುವುದರಿಂದ ಪ್ರಯೋಜನವಿಲ್ಲ. ರೌಟರಿನವರೆಗೆ ಸರಿಯಿದ್ದು ಹೊರಗಿನ ವಿಳಾಸಕ್ಕೆ ಮಾತ್ರ ಜಿಗಿತವಿದ್ದರೆ, ರೌಟರಿನ ಸಾಲಿನಲ್ಲಿ ದಟ್ಟಣೆಯಿರಬೇಕು ಇಲ್ಲವೇ ಹೊರಗಿನ ಮಾರ್ಗ ಕೆಟ್ಟಿರಬೇಕು.

ಕೊನೆಯಲ್ಲಿ ಯಂತ್ರ ತೋರಿಸುವ ಸರಾಸರಿಯನ್ನು ನಂಬಬಾರದು. ತೊಂಬತ್ತು ಗಿರಾಕಿಗಳು ಹದಿನೈದು ದಿನದಲ್ಲಿ ಹಣ ಕೊಟ್ಟು, ಹತ್ತು ಮಂದಿ ವರ್ಷವಾದರೂ ಕೊಡದಿದ್ದರೆ ಬಾಕಿಯ ಸರಾಸರಿ ಅವಧಿ ಐವತ್ತು ದಿನ ಎಂದು ಬರುತ್ತದೆ. ಆದರೆ ವ್ಯಾಪಾರ ಮುಳುಗಿಸುವುದು ಆ ಹತ್ತು ಮಂದಿ. ಇಲ್ಲಿಯೂ ನೋಡಬೇಕಾದುದು ಗರಿಷ್ಠ ಅಂಕಿ ಮತ್ತು ಕಳೆದುಹೋದ ತುಣುಕುಗಳ ಎಣಿಕೆ.

ಗೋಡೆ, ತಗಡು, ಮಗ್ಗ

ಜಿಲ್ಲೆಯ ಕೈಗಾರಿಕಾ ಕಟ್ಟಡಗಳ ಸ್ವರೂಪವೇ ವೈ-ಫೈಗೆ ಪ್ರತಿಕೂಲ. ದಾಬಸ್‌ಪೇಟೆ, ಹೊಸಕೋಟೆ ಕಡೆಯ ಶೆಡ್‌ಗಳಲ್ಲಿ ತಗಡಿನ ಛಾವಣಿ, ಕಬ್ಬಿಣದ ರ‍್ಯಾಕುಗಳು. ಲೋಹವು ರೇಡಿಯೊ ಅಲೆಗಳನ್ನು ತಡೆದು ಪ್ರತಿಫಲಿಸುತ್ತದೆ. ದೊಡ್ಡಬಳ್ಳಾಪುರದಲ್ಲಿ ಕೆಳಗೆ ಮಗ್ಗಗಳು, ಮೇಲೆ ಮನೆ ಅಥವಾ ಕಚೇರಿ ಇರುವ ಕಟ್ಟಡಗಳಲ್ಲಿ ನಡುವೆ ಕಬ್ಬಿಣದ ಸರಳುಗಳ ಕಾಂಕ್ರೀಟ್ ತಾರಸಿಯಿರುತ್ತದೆ. ರೌಟರನ್ನು ತಂತಿ ಒಳಬಂದ ಕಡೆಯಲ್ಲಿಯೇ, ಬಾಗಿಲ ಮೂಲೆಯಲ್ಲೋ ಮೀಟರ್ ಬೋರ್ಡಿನ ಪಕ್ಕದಲ್ಲೋ ನೇತುಹಾಕಿ ಹೋಗಿರುತ್ತಾರೆ. ವಿಚಾರಣೆಗೆ ಕುಳಿತುಕೊಳ್ಳುವುದು ಎರಡು ಗೋಡೆ ದಾಟಿದ ಒಳಕೋಣೆಯಲ್ಲಿ.

ಇದಕ್ಕೆ ಅತಿ ಅಗ್ಗದ ಹಾಗೂ ಖಚಿತವಾದ ಪರಿಹಾರವೆಂದರೆ ಒಂದು ನೆಟ್‌ವರ್ಕ್ ತಂತಿ. ರೌಟರಿನಿಂದ ವಿಚಾರಣೆಯ ಮೇಜಿನವರೆಗೆ ತಂತಿ ಎಳೆಸಲು ಆಗುವ ಖರ್ಚು ಪ್ಲಾನ್ ಬದಲಾವಣೆಯ ಕೆಲವು ತಿಂಗಳ ವ್ಯತ್ಯಾಸಕ್ಕಿಂತ ಹೆಚ್ಚಾಗಲಾರದು. ತಂತಿ ಸಾಧ್ಯವೇ ಇಲ್ಲವಾದರೆ ರೌಟರಿನ 5 ಗಿಗಾಹರ್ಟ್ಜ್ ವೈ-ಫೈಗೆ ಸೇರಿಕೊಂಡು ಅದೇ ಕೋಣೆಯಲ್ಲಿ ಕೂಡಬೇಕು. 2.4 ಗಿಗಾಹರ್ಟ್ಜ್ ಅಲೆ ಗೋಡೆ ದಾಟುವುದರಲ್ಲಿ ಮೇಲು; ಆದರೆ ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ ಇರುವುದರಿಂದ, ಒತ್ತೊತ್ತಾಗಿ ಕಟ್ಟಿದ ಬೀದಿಗಳಲ್ಲಿ ಅಕ್ಕಪಕ್ಕದ ರೌಟರುಗಳೆಲ್ಲ ಅಲ್ಲಿಯೇ ಪೈಪೋಟಿ ನಡೆಸುತ್ತವೆ. ವೈ-ಫೈ ವಿಸ್ತಾರಕ ಎಂದು ಮಾರುವ ಅಗ್ಗದ ಪೆಟ್ಟಿಗೆಗಳು ಸಂಕೇತದ ಗೆರೆಗಳನ್ನು ಹೆಚ್ಚಿಸುತ್ತವೆ, ಅನೇಕ ವೇಳೆ ವಿಳಂಬವನ್ನೂ ಹೆಚ್ಚಿಸುತ್ತವೆ.

ವಿದ್ಯುತ್ತಿನ ವಿಚಾರವೂ ಇದಕ್ಕೆ ಸೇರಿದ್ದೇ. ದೊಡ್ಡ ಮೋಟಾರುಗಳು ಒಮ್ಮೆಗೇ ಚಾಲೂ ಆದಾಗ ವೋಲ್ಟೇಜ್ ಕುಸಿದು ರೌಟರ್ ಮರುಚಾಲೂ ಆಗುವುದುಂಟು. ಅದು ಮತ್ತೆ ಸಂಪರ್ಕ ಹಿಡಿಯಲು ಕೆಲವು ನಿಮಿಷ ಬೇಕು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆಯೆಂದು ನೆಮ್ಮದಿಯಾಗಿರುವವರು ರೌಟರ್ ಮತ್ತು ಫೈಬರ್ ಪೆಟ್ಟಿಗೆ ಎರಡನ್ನೂ ಚಿಕ್ಕ ಯುಪಿಎಸ್‌ಗೆ ಜೋಡಿಸಿರುವುದು ವಿರಳ.

ಮೇಲಕ್ಕೆ ಹೋಗುವ ದಾರಿಯಲ್ಲಿ ದಟ್ಟಣೆ

ವಿಡಿಯೊ ಕರೆಯಲ್ಲಿ ನಾವು ಪಡೆಯುವಷ್ಟೇ ಕಳುಹಿಸಲೂ ಬೇಕು. ಜಾಹೀರಾತಿನ ಅಂಕಿ ಸಾಮಾನ್ಯವಾಗಿ ಇಳಿಸಿಕೊಳ್ಳುವ ವೇಗ. ಕಳುಹಿಸುವ ವೇಗ ಕೆಲವು ಪ್ಲಾನ್‌ಗಳಲ್ಲಿ, ವಿಶೇಷವಾಗಿ ಕೇಬಲ್ ಹಾಗೂ ನಿಸ್ತಂತು ಸಂಪರ್ಕಗಳಲ್ಲಿ, ಅದರ ಒಂದಂಶ ಮಾತ್ರ. ಈ ಕಿರಿದಾದ ದಾರಿಯಲ್ಲಿ ಯಾರಿಗೂ ಕಾಣದಂತೆ ಸಾಗುವ ಸರಕು ಬಹಳ. ಗೋದಾಮಿನ ನಾಲ್ಕು ಸಿಸಿಟಿವಿ ಕ್ಯಾಮೆರಾಗಳು ತಲಾ 2 ಎಂಬಿಪಿಎಸ್‌ನಂತೆ ದೃಶ್ಯಗಳನ್ನು ಕ್ಲೌಡ್‌ಗೆ ಕಳುಹಿಸುತ್ತಿದ್ದರೆ 8 ಎಂಬಿಪಿಎಸ್ ಅಲ್ಲಿಯೇ ಹೋಯಿತು. ಲೆಕ್ಕದ ದತ್ತಾಂಶದ ಬ್ಯಾಕಪ್, ಸಿಬ್ಬಂದಿಯ ಮೊಬೈಲುಗಳಿಂದ ತಾವಾಗಿಯೇ ಮೇಲೇರುವ ಫೋಟೊಗಳು ಇದಕ್ಕೆ ಸೇರುತ್ತವೆ. ದಾರಿ ತುಂಬಿದಾಗ ರೌಟರ್ ಯಾವುದನ್ನೂ ತಿರಸ್ಕರಿಸದೆ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತದೆ. ಧ್ವನಿಯ ಚಿಕ್ಕ ತುಣುಕು, ಟೋಲ್‌ನಲ್ಲಿ ನೂರು ಲಾರಿಗಳ ಹಿಂದೆ ನಿಂತ ದ್ವಿಚಕ್ರ ವಾಹನದಂತೆ, ತನ್ನ ಸರದಿಗಾಗಿ ಕಾಯುತ್ತದೆ. ಅರ್ಧ ಸೆಕೆಂಡಿಗೂ ಮಿಕ್ಕಿದ ವಿಳಂಬ ಹುಟ್ಟುವುದು ಹೀಗೆ.

ಇದನ್ನು ಪತ್ತೆ ಹಚ್ಚುವುದು ಸುಲಭ. ಹೊರಗಿನ ವಿಳಾಸಕ್ಕೆ ಪಿಂಗ್ ಓಡುತ್ತಿರುವಾಗ ಉಳಿದ ಉಪಕರಣಗಳನ್ನು ಒಂದೊಂದಾಗಿ ಸಂಪರ್ಕದಿಂದ ತೆಗೆಯಬೇಕು. ಯಾವುದನ್ನು ತೆಗೆದಾಗ ಅಂಕಿ ಇಳಿಯುತ್ತದೆಯೋ ಅದೇ ಕಾರಣ. ಬ್ಯಾಕಪ್‌ನ ವೇಳೆಯನ್ನು ರಾತ್ರಿಗೆ ಬದಲಾಯಿಸುವುದು, ಕ್ಯಾಮೆರಾಗಳ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸುವುದು, ರೌಟರಿನಲ್ಲಿ ಆದ್ಯತೆಯ ವ್ಯವಸ್ಥೆಯಿದ್ದರೆ ವಿಚಾರಣೆಯ ಯಂತ್ರಕ್ಕೆ ಮೊದಲ ಸ್ಥಾನ ನೀಡುವುದು, ಇವಕ್ಕೆ ಖರ್ಚೇ ಇಲ್ಲ.

ಯಂತ್ರ, ಬೆಳಕು, ಜರಿ

ಪಿಂಗ್ ಸರಿಯಿದ್ದೂ ಚಿತ್ರ ಎಳೆದಾಡಿದರೆ ಗಣಕಯಂತ್ರವನ್ನೇ ಸಂಶಯಿಸಬೇಕು. ಚಿತ್ರವನ್ನು ಕುಗ್ಗಿಸಿ ಕಳುಹಿಸುವುದು, ಬಂದುದನ್ನು ಹಿಗ್ಗಿಸಿ ತೋರಿಸುವುದು ಪ್ರೊಸೆಸರಿಗೆ ಭಾರವಾದ ಕೆಲಸ. ಹಳೆಯ 4 ಜಿಬಿ ಯಂತ್ರದಲ್ಲಿ ಲೆಕ್ಕದ ತಂತ್ರಾಂಶ, ಹತ್ತಾರು ಬ್ರೌಸರ್ ಪುಟಗಳು, ಆಂಟಿವೈರಸ್ ಶೋಧನೆ ಒಟ್ಟಿಗೆ ನಡೆಯುತ್ತಿದ್ದರೆ ಕರೆಗೆ ಉಳಿಯುವುದು ಅಲ್ಪ. ಟಾಸ್ಕ್ ಮ್ಯಾನೇಜರ್ ತೆರೆದರೆ ಯಾರು ಎಷ್ಟು ಬಳಸುತ್ತಿದ್ದಾರೆಂಬುದು ಕಾಣುತ್ತದೆ. ಹಿನ್ನೆಲೆಗೆ ಸಮುದ್ರತೀರದ ಚಿತ್ರ ಹಾಕಿಕೊಳ್ಳುವ ಶೋಕಿಯನ್ನು ಬಿಟ್ಟರೆ ಯಂತ್ರದ ಭಾರ ಗಣನೀಯವಾಗಿ ಇಳಿಯುತ್ತದೆ.

ವಿಚಾರಣೆಗಳಿಗೆ ಮಾತ್ರವಲ್ಲ, ವಿಡಿಯೊ ಕರೆಯಲ್ಲಿಯೇ ಸೀರೆ ತೋರಿಸಿ ಆರ್ಡರ್ ಪಡೆಯುವ ದೊಡ್ಡಬಳ್ಳಾಪುರದ ವರ್ತಕರಿಗೂ ಉಪಯೋಗವಾಗುವ ಒಂದು ಸಂಗತಿಯಿದೆ. ವಿಡಿಯೊ ತಂತ್ರಾಂಶವು ಪ್ರತಿ ಚಿತ್ರವನ್ನೂ ಪೂರ್ತಿಯಾಗಿ ಕಳುಹಿಸುವುದಿಲ್ಲ. ಹಿಂದಿನ ಚಿತ್ರಕ್ಕಿಂತ ಬದಲಾದ ಭಾಗವನ್ನೇ ಮುಖ್ಯವಾಗಿ ಕಳುಹಿಸುತ್ತದೆ. ಜರಿಯ ಸೆರಗನ್ನು ಬೀಸಿ ತೋರಿಸಿದಾಗ ಪ್ರತಿ ಎಳೆಯ ಹೊಳಪೂ ಕ್ಷಣಕ್ಷಣಕ್ಕೆ ಬದಲಾಗುವುದರಿಂದ ಕಳುಹಿಸಬೇಕಾದ ದತ್ತಾಂಶ ಒಮ್ಮೆಗೇ ಏರಿ, ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಬಟ್ಟೆಯನ್ನು ಹರಡಿ, ಒಂದೆರಡು ಸೆಕೆಂಡು ಅಲುಗಾಡಿಸದೆ ಹಿಡಿದರೆ ಅದೇ ಸಂಪರ್ಕದಲ್ಲಿ ಎಳೆಎಳೆಯೂ ಸ್ಪಷ್ಟವಾಗುತ್ತದೆ. ಬೆಳಕು ಮಂದವಾಗಿದ್ದರೆ ಕ್ಯಾಮೆರಾ ಒಂದೊಂದು ಚಿತ್ರಕ್ಕೂ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ಸೆಕೆಂಡಿಗೆ ಸಿಗುವ ಚಿತ್ರಗಳು ಕಡಿಮೆಯಾಗಿ, ನೋಡುವವರಿಗೆ ಅದು ಸಂಪರ್ಕದ ದೋಷದಂತೆಯೇ ತೋರುತ್ತದೆ. ಇಂತಹ ಕಡೆ ಬೇಕಾದುದು ಹೊಸ ಪ್ಲಾನ್ ಅಲ್ಲ, ಎದುರಿಗೊಂದು ಟ್ಯೂಬ್‌ಲೈಟ್.

ಹೊರದೇಶದ ಗ್ರಾಹಕರಿಗೆ ಬಿಡಿಭಾಗ ಪೂರೈಸುವ ಘಟಕಗಳಲ್ಲಿ ಇನ್ನೊಂದು ಕಾರಣವೂ ಕಂಡುಬರುತ್ತದೆ. ಗ್ರಾಹಕ ಕಂಪನಿಯ ವಿಪಿಎನ್ ಚಾಲೂ ಇದ್ದರೆ ಬೆಂಗಳೂರಿನ ಅಧಿಕಾರಿಯೊಡನೆ ಆಡುವ ಮಾತೂ ಯೂರೋಪಿಗೆ ಹೋಗಿ ಮರಳಬಹುದು; ವಿಚಾರಣೆಗೆ ಮುನ್ನ ಅದನ್ನು ನಿಲ್ಲಿಸಬೇಕು. ಹಾಗೆಯೇ ಫೈರ್‌ವಾಲ್ ಯುಡಿಪಿ ಎಂಬ ವೇಗದ ಮಾರ್ಗವನ್ನು ತಡೆದಿದ್ದರೆ ಕರೆಯು ಕಳೆದ ತುಣುಕನ್ನು ಮತ್ತೆ ಮತ್ತೆ ಕೇಳುವ ನಿಧಾನದ ಮಾರ್ಗ ಹಿಡಿಯುತ್ತದೆ. ಇದನ್ನು ಮಾತ್ರ ನೆಟ್‌ವರ್ಕ್ ನೋಡಿಕೊಳ್ಳುವವರಿಗೇ ಹೇಳಿ ಸರಿಪಡಿಸಿಕೊಳ್ಳಬೇಕು.

ಎರಡನೆಯ ಮಾರ್ಗ

ಎಲ್ಲ ಸರಿಯಿದ್ದರೂ ರಸ್ತೆ ಅಗೆಯುವವರ ಗುದ್ದಲಿಗೆ ಫೈಬರ್ ತುಂಡಾಗಬಹುದು. ಬೇರೊಂದು ಕಂಪನಿಯ ಮೊಬೈಲ್ ಸಂಪರ್ಕ ಸಿದ್ಧವಿರುವುದು ಅಗತ್ಯ. ಅದೂ ಆ ಕೋಣೆಯಲ್ಲಿ, ಆ ಹೊತ್ತಿನಲ್ಲಿ ಪರೀಕ್ಷಿಸಿ ನೋಡಿದ್ದಾಗಿರಬೇಕು. ದೇವನಹಳ್ಳಿ ಕಡೆಯವರು ಗಮನಿಸಬೇಕಾದ ಒಂದು ಸಂಗತಿ: ವಿಮಾನಗಳ ಎತ್ತರಮಾಪಕಗಳಿಗೆ ಅಡಚಣೆಯಾಗಬಾರದೆಂದು ದೂರಸಂಪರ್ಕ ಇಲಾಖೆಯು 2022ರ ನವೆಂಬರ್‌ನಲ್ಲಿ ಓಡುದಾರಿಯ ತುದಿಗಳಿಂದ 2.1 ಕಿ.ಮೀ. ವರೆಗೆ 5ಜಿಯ ಒಂದು ತರಂಗಾಂತರ ಪಟ್ಟಿಯ ಕೇಂದ್ರಗಳನ್ನು ಸ್ಥಾಪಿಸದಂತೆ ಕಂಪನಿಗಳಿಗೆ ಸೂಚಿಸಿತ್ತು. ಫೋನಿನ ಮೇಲೆ 5ಜಿ ಎಂದು ಬರೆದಿರುವುದನ್ನು ನೋಡಿ ನೆಚ್ಚಿಕೊಳ್ಳದೆ, ಅಲ್ಲಿಯೂ ಪಿಂಗ್ ಅಳೆಯುವುದು ಲೇಸು.

ವ್ಯವಹಾರಕ್ಕೆ ಬಳಸುವ ಸಂಪರ್ಕವನ್ನು ಮಾಲೀಕರ ಅಥವಾ ಮಕ್ಕಳ ಹೆಸರಿನಲ್ಲಿ ಪಡೆಯುವ ರೂಢಿ ಹಲವರಲ್ಲಿದೆ. ಬಿಲ್ಲಿನ ಮೇಲೆ ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆಯಿದ್ದರೆ ಶೇಕಡಾ 18ರ ತೆರಿಗೆ ನಿಯಮಾನುಸಾರ ಜಮೆಯಾಗಿ ದೊರೆಯುತ್ತದೆ. ಎರಡನೆಯ ಮಾರ್ಗದ ಖರ್ಚಿನ ಒಂದು ಭಾಗ ಅದರಿಂದಲೇ ಬರುತ್ತದೆ.

ಸಂಪರ್ಕ ಕಡಿದರೂ ದಾಖಲೆ ಕಡಿಯಬಾರದು

ವಿಚಾರಣೆಯ ದಿನ ಹದಿನೈದು ನಿಮಿಷ ಮೊದಲೇ ಸಿದ್ಧವಾಗಿರಬೇಕು. ಹೆಡ್‌ಫೋನ್ ಬಳಸಬೇಕು, ಮಗ್ಗದ ಸದ್ದು ಮೈಕಿಗೆ ಬೀಳದ ಕೋಣೆ ಆರಿಸಬೇಕು. ಮಾತು ಕಡಿಯತೊಡಗಿದರೆ ಅಧಿಕಾರಿಯ ಅನುಮತಿ ಪಡೆದು ಮೊದಲು ತಮ್ಮ ಚಿತ್ರವನ್ನು ನಿಲ್ಲಿಸಬೇಕು. ಆಗ ಬೇಕಾಗುವ ದಾರಿ ಹತ್ತನೆಯ ಒಂದು ಭಾಗಕ್ಕಿಂತ ಕಿರಿದಾಗುತ್ತದೆ. ಲಿಂಕನ್ನು ಅನುಮತಿಯಿಲ್ಲದೆ ಇತರರಿಗೆ ಕಳುಹಿಸಬಾರದೆಂಬುದು ಮಂಡಳಿಯ ಸ್ಪಷ್ಟ ಸೂಚನೆ. 2023ರ ಡಿಸೆಂಬರ್‌ನಲ್ಲಿ ಕಿಡಿಗೇಡಿಗಳು ಅಶ್ಲೀಲ ದೃಶ್ಯ ತೂರಿಸಿದ ಕಾರಣ ಕರ್ನಾಟಕ ಉಚ್ಚ ನ್ಯಾಯಾಲಯವೇ ವಿಡಿಯೊ ಕಾನ್ಫರೆನ್ಸ್ ಸೌಲಭ್ಯವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು.

ಎಲ್ಲಕ್ಕಿಂತ ಮುಖ್ಯವಾದುದು ವಿಚಾರಣೆಯ ದಾಖಲೆ. ಮಂಡಳಿಯ 2020ರ ಮಾರ್ಗಸೂಚಿಯಂತೆ, ವಿಚಾರಣೆಯಲ್ಲಿ ಹೇಳಿದ್ದನ್ನು ಬರಹಕ್ಕಿಳಿಸಿ ತೆರಿಗೆದಾರರಿಗೆ ಅಥವಾ ಅವರ ಪ್ರತಿನಿಧಿಗೆ ಇ-ಮೇಲ್ ಮೂಲಕ ಕಳುಹಿಸಲಾಗುತ್ತದೆ. ಅದರಲ್ಲಿ ತಪ್ಪಿದ್ದರೆ ತಿದ್ದಿ, ಸಹಿ ಮಾಡಿ, ಸ್ಕ್ಯಾನ್ ಪ್ರತಿಯನ್ನು ಮರಳಿಸಬಹುದು. ಮೂರು ದಿನಗಳೊಳಗೆ ಮರಳಿಸದಿದ್ದರೆ ಒಪ್ಪಿಗೆಯಿದೆಯೆಂದು ಪರಿಗಣಿಸಲಾಗುತ್ತದೆ. ಮಾತು ಅರ್ಧಂಬರ್ಧ ಕೇಳಿಸಿದ ವಿಚಾರಣೆಯಲ್ಲಿ ಈ ಮೂರು ದಿನಗಳೇ ತೆರಿಗೆದಾರರ ಕೈಯಲ್ಲಿರುವ ಅವಕಾಶ. ನೋಂದಣಿಯಲ್ಲಿ ಯಾವುದೋ ಹಳೆಯ ಇ-ಮೇಲ್ ವಿಳಾಸವಿದ್ದು ಅದನ್ನು ಯಾರೂ ತೆರೆಯದಿದ್ದರೆ ಆ ಅವಕಾಶವೂ ಇಲ್ಲ. ಆದುದರಿಂದ ವಾದವನ್ನು ಮೊದಲೇ ಲಿಖಿತವಾಗಿ ಸಲ್ಲಿಸಿರಬೇಕು. ಸಂಪರ್ಕ ಕಡಿದರೆ ಅಂದೇ, ಕಡಿದ ವೇಳೆಯನ್ನು ನಮೂದಿಸಿ, ಪರದೆಯ ಚಿತ್ರವನ್ನು ಲಗತ್ತಿಸಿ, ಮರುವಿಚಾರಣೆ ಕೋರಿ ಇ-ಮೇಲ್ ಕಳುಹಿಸಬೇಕು. ಸಕಾರಣವಿದ್ದಲ್ಲಿ ವಿಚಾರಣೆ ಮುಂದೂಡಲು ಕೇಂದ್ರ ಜಿ.ಎಸ್.ಟಿ. ಕಾಯಿದೆಯ 75(5)ನೇ ಕಲಂ ಅವಕಾಶ ನೀಡುತ್ತದೆ, ಆದರೆ ಮೂರು ಬಾರಿಗೆ ಮೀರಿ ಅಲ್ಲ. ರಾಜ್ಯ ವಾಣಿಜ್ಯ ತೆರಿಗೆ ಅಧಿಕಾರಿಗಳ ವಿಚಾರಣೆಗೆ ಮಂಡಳಿಯ ಸೂಚನೆ ನೇರವಾಗಿ ಅನ್ವಯಿಸದ ಕಾರಣ, ಆಯಾ ನೋಟೀಸಿನಲ್ಲಿರುವ ವಿಧಾನವನ್ನೇ ನೋಡಿಕೊಳ್ಳಬೇಕು.

ಪ್ರೈವೇಟ್ ಲಿಮಿಟೆಡ್ ಕಂಪನಿಗಳ ನಿರ್ದೇಶಕ ಮಂಡಳಿಯ ಸಭೆಗಳಿಗೂ ಇಂತಹುದೇ ಕ್ರಮವಿದೆ. ಕಡಿಯುವ ಮಾತಿನ ತೊಂದರೆಯನ್ನು ಕಂಪನಿ ಕಾನೂನು 2014ರಲ್ಲಿಯೇ ಊಹಿಸಿತ್ತು: ನಿರ್ದೇಶಕರೊಬ್ಬರ ಮಾತು ನಡುವೆ ಕಡಿದರೆ ಅಥವಾ ಅಸ್ಪಷ್ಟವಾಗಿ ಕೇಳಿಸಿದರೆ, ಅದನ್ನು ಪುನಃ ಹೇಳುವಂತೆ ಅಧ್ಯಕ್ಷರು ಕೋರಬೇಕೆಂದು ಆ ವರ್ಷದ ನಿಯಮಾವಳಿ ವಿಧಿಸುತ್ತದೆ. ಸಭೆ ಮುಗಿದ 15 ದಿನಗಳೊಳಗೆ ಕರಡು ನಡವಳಿಯನ್ನು ನಿರ್ದೇಶಕರಿಗೆ ಕಳುಹಿಸಬೇಕು. ಅದು ತಲುಪಿದ 7 ದಿನಗಳಲ್ಲಿ ಅಥವಾ ಮಂಡಳಿ ನಿಗದಿಪಡಿಸಿದ ಸೂಕ್ತ ಅವಧಿಯಲ್ಲಿ ಅಭಿಪ್ರಾಯ ಬಾರದಿದ್ದರೆ ಅದಕ್ಕೆ ಅವರ ಸಮ್ಮತಿಯಿದೆಯೆಂದು ಭಾವಿಸಲಾಗುತ್ತದೆ.